ಶರಾವತಿಯ ನೀರು, ಹಾವಸೆ ಕಟ್ಟಿದ ಸಾಕ್ಷ್ಯ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ 1964ರ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ಇಂತಹ ಜಲಾಶಯಗಳ ಬಗ್ಗಡವನ್ನು ನೀರಿನೊಳಗೇ ಇರಿಸಿದ ಬೆಳಕಿನ ಸಂವೇದಕಗಳಿಂದ ಎಡೆಬಿಡದೆ ಅಳೆಯುವ ಪದ್ಧತಿ ಇಂದು ಲೋಕದಲ್ಲಿ ರೂಢವಾಗಿದೆ. ಆ ಅಂಕಿಗಳು ಮುಂದಿನ ಇತಿಹಾಸಕಾರನಿಗೆ ಆಕರಗಳಾಗುವುದರಿಂದ, ಆಕರವಿಮರ್ಶೆಯ ನಿಯಮಗಳು ಅವಕ್ಕೂ ಅನ್ವಯಿಸಬೇಕೆಂಬುದು ನಮ್ಮ ವಾದ.

ಮಸೂರವನ್ನು ನೀರಿಗಿಳಿಸಿದೊಡನೆ ಜೈವಿಕ ದ್ರವ್ಯದ ತೆಳುಪೊರೆಯೊಂದು ಅದಕ್ಕೆ ಹತ್ತುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಗಳ ಲೋಳೆ, ಬಳಿಕ ಡಯಾಟಮ್ ಮೊದಲಾದ ಪಾಚಿಗಳು. ಆಗ ನೀರು ತಿಳಿಯಾಗಿದ್ದರೂ ಉಪಕರಣವು ಬಗ್ಗಡವೆಂದೇ ನುಡಿಯುತ್ತದೆ. ಒಮ್ಮೆಲೇ ಕೆಟ್ಟುಹೋದ ಉಪಕರಣ ತನ್ನ ಸುಳ್ಳನ್ನು ತಾನೇ ಹೊರಗೆಡಹುತ್ತದೆ. ಪಾಚಿ ಕಟ್ಟಿದುದಾದರೋ ದಿನದಿನಕ್ಕೆ ತುಸುತುಸುವೇ ಏರುವ ಅಂಕಿಗಳನ್ನು ಕೊಡುವುದರಿಂದ, ನದಿಯೇ ಬದಲಾದಂತೆ ತೋರುತ್ತದೆ. ಮೇಲುಸೀಮೆಯಲ್ಲಿ ಕಾಡು ಕಡಿದರೆಂದೋ ಗುಡ್ಡ ಅಗೆದರೆಂದೋ ಯಾರ ಮೇಲಾದರೂ ಹೊಣೆ ಹೊರಿಸಲು ಈ ಅಂಕಿಗಳೇ ಆಧಾರವಾದಾವು. ಮಳೆಗಾಲ ಕಳೆದು, ಬಿಸಿಲು ನೀರಿನಾಳಕ್ಕೆ ಇಳಿಯುವ ತಿಂಗಳುಗಳೇ ಪಾಚಿಗೆ ಸುಗ್ಗಿಯೆಂಬುದನ್ನೂ ನೆನೆಯಬೇಕು.

ಪರಿಹಾರಗಳಲ್ಲಿ ತಾಮ್ರವು ಹಳೆಯದು. ಬ್ರಿಟಿಷ್ ನೌಕಾಪಡೆ 18ನೆಯ ಶತಮಾನದಲ್ಲಿಯೇ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸಿತು. 1824ರಲ್ಲಿ ಹಂಫ್ರಿ ಡೇವಿಯು ಕಬ್ಬಿಣ, ಸತುಗಳ ತುಂಡುಗಳನ್ನು ಜೋಡಿಸಿ ಆ ತಗಡು ಸವೆಯದಂತೆ ಮಾಡಿದನು. ಸವೆತವೇನೋ ನಿಂತಿತು, ಆದರೆ ತಗಡಿನ ಮೇಲೆ ಕಳೆಯೂ ಚಿಪ್ಪುಜೀವಿಗಳೂ ಬೆಳೆದವು. ಕಾವಲಾಗಿದ್ದುದು ತಗಡಲ್ಲ, ಅದರಿಂದ ಕರಗಿ ಹೋಗುತ್ತಿದ್ದ ತಾಮ್ರ! ಇಂದಿನ ಸಂವೇದಕಗಳ ತಾಮ್ರದ ಮುಚ್ಚಳಗಳು ಇದೇ ತತ್ತ್ವವನ್ನು ಅನುಸರಿಸುತ್ತವೆ. ಅತಿನೇರಳೆ ಕಿರಣವು ಗಾಜನ್ನು ಮುಟ್ಟದೆಯೇ ಕೆಲಸ ಮಾಡಿದರೂ ವಿದ್ಯುತ್ತನ್ನು ಬೇಡುತ್ತದೆ. (ಜಲವಿದ್ಯುತ್ತಿನ ಈ ತವರಿನಲ್ಲಿಯೂ ದಡದಿಂದ ದೂರವಿರುವ ಉಪಕರಣ ಬ್ಯಾಟರಿಯನ್ನೇ ನಂಬಬೇಕಷ್ಟೆ.) ಒರೆಸುವ ಕುಂಚವೊಂದಿದ್ದರೆ ಸಾಕೆಂಬ ಅಭಿಪ್ರಾಯವಂತೂ ಒಪ್ಪತಕ್ಕುದಲ್ಲ. ಕುಂಚಕ್ಕೂ ಪಾಚಿ ಹತ್ತುತ್ತದೆ. ಮಳೆಗಾಲದ ಮರಳಿನ ಕಣ ಅದರಡಿ ಸಿಕ್ಕಿದರೆ ಮಸೂರವೇ ಗೀಚಿಹೋಗುತ್ತದೆ.

ಶಾಸನಾಭ್ಯಾಸಿಗಳಿಗೆ ಈ ತೊಡಕು ಹೊಸತಲ್ಲ. ಈ ಸೀಮೆಯ ಶಾಸನಗಳು ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟದಲ್ಲಿ (1904) ಪ್ರಕಟವಾಗಿವೆ. ಹೊಸನಗರವು ಅಲ್ಲಿ ನಗರ ತಾಲ್ಲೂಕಿನಲ್ಲಿ ಅಡಗಿದೆ. ಮಲೆನಾಡಿನ ಮಳೆಯಲ್ಲಿ ನಿಂತ ಕಲ್ಲಿಗೆ ಹಾವಸೆ ತಪ್ಪದು. ಉಜ್ಜಿದರೆ ಅಕ್ಷರ ಕಾಣುತ್ತದೆ, ಅತಿಯಾಗಿ ಉಜ್ಜಿದರೆ ಅಕ್ಷರವೇ ಹೋಗುತ್ತದೆ. ಸಂವೇದಕವನ್ನು ಶುಚಿಗೊಳಿಸುವವರೂ ಶುಚಿಗೆ ಮುನ್ನ ಬಂದ ಅಂಕಿ, ಶುಚಿಯಾದೊಡನೆ ಅದೇ ನೀರಿನಲ್ಲಿ ಬಂದ ಅಂಕಿ, ಆ ದಿನಾಂಕ, ಇವಿಷ್ಟನ್ನೂ ದಾಖಲೆಯಲ್ಲಿ ಸೇರಿಸಬೇಕು. ಎರಡು ಅಂಕಿಗಳ ಅಂತರವೇ ಪಾಚಿಯ ಪಾಲು. ಅದನ್ನು ಕಳೆದು ತಿದ್ದಿದ ಅಂಕಿಗಳ ಪಕ್ಕದಲ್ಲಿ ಮೂಲದ ಅಂಕಿಗಳನ್ನೂ ಉಳಿಸಬೇಕು, ಶಾಸನಪಾಠದ ಸಂಪಾದಕನು ತಾನು ಊಹಿಸಿದ ಅಕ್ಷರವನ್ನು ಕಂಸದೊಳಗೆ ಇಡುವಂತೆ.