ತಂಬೂರಿ ಕೇಳಿಸುತ್ತಿದೆಯೇ?

ವಿದ್ಯಾರ್ಥಿಯಾಗಿದ್ದಾಗ ನಾನೊಂದು ತಪ್ಪು ವಿಮರ್ಶೆ ಬರೆದಿದ್ದೆ. ಧಾರವಾಡದ ಕಡೆಯ ಹಿರಿಯ ಗಾಯಕರೊಬ್ಬರ ಹಳೆಯ ಧ್ವನಿಮುದ್ರಣದ ಬಗ್ಗೆ ಕಾಲೇಜಿನ ಗೋಡೆಪತ್ರಿಕೆಗೆ ಬರೆದ ಒಂದೂವರೆ ಪುಟ ಅದು. ಹಾಡಿಕೆ ಘನವಾಗಿದೆ, ಆದರೆ ತಂಬೂರಿ ಎಲ್ಲಿದೆಯೋ ಗೊತ್ತಾಗುವುದಿಲ್ಲ, ತಬಲಾದ ಎಡ ಎಲ್ಲವನ್ನೂ ನುಂಗಿಹಾಕಿದೆ, ಧ್ವನಿ ಮುದ್ರಿಸಿದವರಿಗೆ ಕಿವಿಯೇ ಇರಲಿಲ್ಲ ಎಂದೆಲ್ಲ ಬರೆದಿದ್ದೆ. ಮೇಷ್ಟ್ರೊಬ್ಬರು ಓದಿ, ‘ಧೈರ್ಯ ಇದೆ ಕಣಯ್ಯಾ ನಿನಗೆ’ ಎಂದಿದ್ದರು. ಅದನ್ನು ಮೆಚ್ಚುಗೆ ಎಂದೇ ತಿಳಿದುಕೊಂಡೆ.

ಮೂರು ವರ್ಷಗಳ ನಂತರ ಗೆಳೆಯನೊಬ್ಬನ ಕೋಣೆಯಲ್ಲಿ ಅದೇ ಧ್ವನಿಮುದ್ರಣವನ್ನು ಬೇರೆ ಹೆಡ್‌ಫೋನಿನಲ್ಲಿ ಕೇಳಿದೆ. ಮೊದಲ ಉಸಿರಿನಿಂದಲೇ ತಂಬೂರಿ ಇತ್ತು. ಹಿಂದಿನಿಂದ ಸುತ್ತಿಕೊಂಡು ಬಂದು ಷಡ್ಜದ ಮೇಲೆ ತೆಳುವಾಗಿ ಹೊಳೆಯುತ್ತಿತ್ತು. ಎಡ ತನ್ನ ಜಾಗದಲ್ಲೇ ಇತ್ತು. ಕಿವಿ ಇಲ್ಲದವನು ನಾನಾಗಿದ್ದೆ. ಸ್ಕಾಲರ್‌ಶಿಪ್ಪಿನ ದುಡ್ಡಿನಲ್ಲಿ, ಡಬ್ಬಿಯ ಮೇಲಿನ ‘ಎಕ್ಸ್‌ಟ್ರಾ ಬೇಸ್’ ಎಂಬ ಎರಡು ಪದ ನೋಡಿ ಕೊಂಡಿದ್ದ ಹೆಡ್‌ಫೋನು ನನ್ನ ಪರವಾಗಿ ಕೇಳಿಸಿಕೊಂಡಿತ್ತು, ನನ್ನ ಪರವಾಗಿ ತೀರ್ಪನ್ನೂ ಕೊಟ್ಟಿತ್ತು. ನಾನು ಅದಕ್ಕೆ ಸಹಿ ಹಾಕಿದ್ದೆ, ಅಷ್ಟೆ.

ಹಾಗಾಗಿ ಸಾಹಿತ್ಯದ ಪತ್ರಿಕೆಯಲ್ಲಿ ಹೆಡ್‌ಫೋನಿನ ಬಗ್ಗೆ ಬರೆಯಲು ನನಗೆ ಸಂಕೋಚವಿಲ್ಲ. ತಪ್ಪುಗಳಿರುವ ಅಚ್ಚಿನಲ್ಲಿ ಕಾವ್ಯ ಓದಿದವನು ಛಂದಸ್ಸು ಕೆಟ್ಟಿದೆ ಎಂದರೆ ನಾವು ನಗುತ್ತೇವೆ. ಕೇಳುವ ಸಾಧನವೂ ಒಂದು ಬಗೆಯ ಅಚ್ಚು. ಈಚೆಗೆ ವಿದ್ಯಾರ್ಥಿಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಹೀಗಿರುತ್ತದೆ: ‘ಸರ್, ನಾನು ಕಚೇರಿ ಕೇಳುತ್ತೇನೆ, ಹಳೆಯ ಸಿನಿಮಾ ಹಾಡು ಕೇಳುತ್ತೇನೆ, ರ‍್ಯಾಪೂ ಕೇಳುತ್ತೇನೆ. ಕೈಯಲ್ಲಿ ದುಡ್ಡು ಕಡಿಮೆ. ಎಲ್ಲದಕ್ಕೂ ಆಗುವ ಒಂದೇ ಹೆಡ್‌ಫೋನು ಹೇಳಿ.’ ಅಂಥದ್ದು ಇದೆಯೇ?

ಇದೆ, ಆದರೆ ‘ಎಲ್ಲದಕ್ಕೂ ಆಗುವ’ ಎಂಬುದರ ಅರ್ಥ ಸರಿಮಾಡಿಕೊಳ್ಳಬೇಕು. 1983ರ ವಿಶ್ವಕಪ್‌ನಲ್ಲಿ ನಮ್ಮ ರೋಜರ್ ಬಿನ್ನಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು. ಜಗತ್ತಿನ ಅತಿ ವೇಗದ ಬೌಲರ್ ಎಂದು ಅವರನ್ನು ಯಾರೂ ಕರೆದಿರಲಿಲ್ಲ. ಆಲ್‌ರೌಂಡರ್ ಎಂದರೆ ಎಲ್ಲದರಲ್ಲೂ ಮೊದಲಿಗನಲ್ಲ, ಎಲ್ಲಿ ನಿಲ್ಲಿಸಿದರೂ ಕೈಕೊಡದವನು. ಹೆಡ್‌ಫೋನಿನಲ್ಲೂ ಹಾಗೆಯೇ. ಯಾವುದೋ ಒಂದು ಬಗೆಯ ಹಾಡನ್ನು ಮೈನವಿರೇಳುವಂತೆ ಕೇಳಿಸಿ ಮಿಕ್ಕದ್ದನ್ನೆಲ್ಲ ಕೆಡಿಸುವುದಕ್ಕಿಂತ, ಯಾವುದನ್ನೂ ಕೆಡಿಸದೆ ಇರುವುದು ಮೇಲು.

ಕೆಡಿಸುವುದು ಹೇಗೆ ಎಂಬುದನ್ನು ನಮ್ಮ ಸಂಗೀತವೇ ಚೆನ್ನಾಗಿ ತೋರಿಸಿಕೊಡುತ್ತದೆ. ತಂಬೂರಿಯನ್ನೇ ನೋಡಿ. ತಂತಿಯ ಕೆಳಗೆ, ಕುದುರೆಯ ಮೇಲೆ ಒಂದು ಎಳೆ ದಾರ ಇಟ್ಟು, ಅದನ್ನು ಕೂದಲೆಳೆಯಷ್ಟು ಸರಿಸಿ ‘ಜೀವ’ ಹಿಡಿಯುತ್ತಾರೆ. ಆಗ ಮೂಲಸ್ವರದ ಮೇಲೆ ಅದರ ಅನುಸ್ವರಗಳೆಲ್ಲ ಎದ್ದು ನಿಲ್ಲುತ್ತವೆ. ಸಿ.ವಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳ ಬಗ್ಗೆ ಬರೆದಾಗ ಅವರ ಗಮನ ಸೆಳೆದದ್ದು ಇದೇ. ಈ ಹೊಳಪು ಇರುವುದು ಸಾವಿರಾರು ಹರ್ಟ್ಜ್‌ಗಳ ಮೇಲಿನ ವಲಯದಲ್ಲಿ. ಆ ವಲಯ ಮಂಕಾಗಿರುವ, ತಳದ ಸದ್ದು ಉಬ್ಬಿರುವ ಹೆಡ್‌ಫೋನಿನಲ್ಲಿ ತಂಬೂರಿ ಬರಿಯ ಗುಂಯ್ ಎನ್ನುತ್ತದೆ. ನನಗಾದದ್ದು ಅದೇ.

ಮೃದಂಗದ ಪರೀಕ್ಷೆ ಇನ್ನೂ ಕಠಿಣ. ಸಾಮಾನ್ಯ ಚರ್ಮವಾದ್ಯದ ಸದ್ದಿನಲ್ಲಿ ನಿರ್ದಿಷ್ಟ ಶ್ರುತಿ ನಿಲ್ಲುವುದಿಲ್ಲ. ಮೃದಂಗ, ತಬಲಾಗಳ ನಡುವಿನ ಕಪ್ಪು ಲೇಪ ಆ ಕಂಪನಗಳನ್ನು ಒಂದಕ್ಕೊಂದು ಹೊಂದಿಸಿ ಸ್ವರವಾಗಿಸುತ್ತದೆ ಎಂದು ರಾಮನ್ 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮೃದಂಗದ ಬಲಗಡೆ ಹೀಗೆ ಶ್ರುತಿ. ಎಡಗಡೆ ರವೆಯ ಕಣಕ ಹಚ್ಚಿದ ಗಂಭೀರ ನಾದ. ಒಳ್ಳೆಯ ಹೆಡ್‌ಫೋನಿನಲ್ಲಿ ಇವೆರಡೂ ಒಬ್ಬನೇ ಮನುಷ್ಯನ ಎರಡು ಕೈಗಳಂತೆ ಕೇಳಬೇಕು. ತಳ ಉಬ್ಬಿದ್ದರೆ ಎಡಗೈ ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಬಡಿದಂತೆ ಕೇಳುತ್ತದೆ. ತಳವೇ ಇಲ್ಲದಿದ್ದರೆ ಮೃದಂಗ ಹೋಗಿ ತಗಡಿನ ಡಬ್ಬಿ ಬರುತ್ತದೆ.

ಮೂರನೆಯದು ಮಾತು. ಗಮಕ ವಾಚನವನ್ನೋ ಕವಿಯೊಬ್ಬರ ಕವಿತಾವಾಚನವನ್ನೋ ಹಾಕಿ ಕೇಳಿ. ಸ, ಶ, ಷಗಳನ್ನು ಬೇರೆ ಬೇರೆಯಾಗಿ ಉಚ್ಚರಿಸುವ ವಾಚಕರಾದರೆ ಇನ್ನೂ ಒಳ್ಳೆಯದು. ‘ಸ’ದ ಸೀಟಿಯ ಅಂಶ ‘ಶ’ದ್ದಕ್ಕಿಂತ ಮೇಲಿನ ವಲಯದಲ್ಲಿರುತ್ತದೆ. ಅಲ್ಲಿ ಮುಳ್ಳಿನಂಥ ಏರು ಇರುವ ಹೆಡ್‌ಫೋನಿನಲ್ಲಿ ಪ್ರತಿ ‘ಸ’ವೂ ಕಿವಿಗೆ ಚುಚ್ಚುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದಾಗ ಇದೇ ‘ಸ್ಪಷ್ಟತೆ’ ಎನಿಸುತ್ತದೆ. ಮನೆಯಲ್ಲಿ ಒಂದು ಗಂಟೆ ಕೇಳಿದರೆ ತಲೆನೋವು. ಕಂಠವೊಂದನ್ನು ಒಂದು ಗಂಟೆ ದಣಿವಿಲ್ಲದೆ ಕೇಳಲಾಗುತ್ತದೆಯೇ ಎಂಬುದು ನನಗೆ ಎಲ್ಲ ಅಂಕಿಗಳಿಗಿಂತ ದೊಡ್ಡ ಮಾನದಂಡ.

ನಾಲ್ಕನೆಯದು ಹಳೆಯ ಸಿನಿಮಾ ಹಾಡು. ಇವು ಹೆಚ್ಚಾಗಿ ಮೋನೋ ಮುದ್ರಣಗಳು. ಎರಡೂ ಕಿವಿಗೆ ಒಂದೇ ಸದ್ದು ಬರುವುದರಿಂದ ಹಾಡು ತಲೆಯ ನಟ್ಟನಡುವೆ ನಿಲ್ಲುತ್ತದೆ. ಅದು ಹೆಡ್‌ಫೋನಿನ ದೋಷವಲ್ಲ. ತೀಕ್ಷ್ಣವಾದ ಹೆಡ್‌ಫೋನು ಇಲ್ಲಿ ಹಾಡಿಗಿಂತ ಮೊದಲು ಟೇಪಿನ ಸರಸರ ಸದ್ದನ್ನು ಕೇಳಿಸುತ್ತದೆ. ಕೊನೆಯದು ರ‍್ಯಾಪ್. ಯಂತ್ರದಲ್ಲಿ ಹುಟ್ಟಿಸಿದ 40-50 ಹರ್ಟ್ಜ್‌ನ ತಳದ ಅಲೆ ಅದರ ಮೈಯೇ ಆಗಿರುತ್ತದೆ. ಶಾಸ್ತ್ರೀಯ ಸಂಗೀತದ ರಸಿಕರು ಇದನ್ನು ಗದ್ದಲ ಎಂದು ತಳ್ಳಿಹಾಕಿ, ತಳವೇ ಇಲ್ಲದ ಹೆಡ್‌ಫೋನನ್ನು ‘ಶುದ್ಧ’ ಎಂದು ಹೊಗಳುವುದುಂಟು. ಅದೂ ನನ್ನ ಗೋಡೆಪತ್ರಿಕೆಯ ವಿಮರ್ಶೆಯಷ್ಟೇ ತಪ್ಪು. ಕೃತಿ ಏನು ಕೇಳುತ್ತದೋ ಅದನ್ನು ಕೊಡದ ಸಾಧನಕ್ಕೆ ಶುದ್ಧಿಯ ಬಿರುದು ಸಲ್ಲದು.

ಈ ಐದನ್ನೂ ದಾಟಲು ಎಷ್ಟು ದುಡ್ಡು ಬೇಕು? ನಾವು ಅಂದುಕೊಂಡಷ್ಟಲ್ಲ. 2017ರಲ್ಲಿ ಯರೂನ್ ಬ್ರೆಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಹೋಲಿಸಿ, ಬೆಲೆಗೂ ಸ್ವರಸಮತೋಲಕ್ಕೂ ಸಂಬಂಧ ಕಾಣುವುದಿಲ್ಲ ಎಂದು ತೋರಿಸಿದರು. ದುಬಾರಿ ಹೆಡ್‌ಫೋನುಗಳೆಲ್ಲ ಮೋಸ ಎಂದು ಇದರ ಅರ್ಥವಲ್ಲ. ದಿಂಬಿನ ಮೆತ್ತಗೆ, ಕಟ್ಟುಮಸ್ತು, ಬಾಳಿಕೆಗಳಿಗೆ ದುಡ್ಡು ಬೀಳುತ್ತದೆ. ಆದರೆ ಸಮತೋಲ ಸಿರಿವಂತರ ಸ್ವತ್ತಲ್ಲ ಎಂಬುದು ವಿದ್ಯಾರ್ಥಿಗೆ ದೊಡ್ಡ ಸಮಾಧಾನ.

ಆ ಸಮತೋಲ ಎಂದರೇನು ಎಂಬುದಕ್ಕೂ ಒಂದು ಉತ್ತರ ಸಿಕ್ಕಿದೆ. ನಮ್ಮ ಹೊರಕಿವಿ, ಕಿವಿಯ ಕೊಳವೆಗಳು 3,000 ಹರ್ಟ್ಜ್‌ನ ಆಸುಪಾಸಿನ ಸದ್ದನ್ನು ತಾವೇ ಎತ್ತಿಕೊಡುತ್ತವೆ. ಕಿವಿಯನ್ನು ಮುಚ್ಚಿ ಕೂರುವ ಹೆಡ್‌ಫೋನು ಆ ಏರನ್ನು ಅನುಕರಿಸದಿದ್ದರೆ ಸದ್ದು ಅಸಹಜವಾಗುತ್ತದೆ. ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಯಾವ ಹೆಡ್‌ಫೋನು ಎಂದು ತಿಳಿಸದೆ ಕೇಳುಗರಿಗೆ ಕೇಳಿಸಿ, ಹೆಚ್ಚಿನವರು ಮೆಚ್ಚುವ ಒಂದು ರೇಖೆಯನ್ನು ರೂಪಿಸಿದರು. ಈಗ ಅಗ್ಗದ ಇಯರ್‌ಫೋನುಗಳೂ ಅದನ್ನು ಗುರಿಯಾಗಿಟ್ಟುಕೊಂಡಿವೆ. ಇದು ಹೆಚ್ಚಿನವರ ಮೆಚ್ಚುಗೆಯ ರೇಖೆ ಎಂಬುದನ್ನು ಮರೆಯಬಾರದು. ಎಲ್ಲರ ಮೆಚ್ಚುಗೆ ಎಂಬುದು ಕಾವ್ಯದಲ್ಲೂ ಇಲ್ಲ, ಇಲ್ಲೂ ಇಲ್ಲ. ಹೊರಡುವ ಜಾಗವಾಗಿ ಅದು ಒಳ್ಳೆಯದು.

ಇನ್ನು ಕೊಳ್ಳುವ ಮಾತು. ಮೊದಲ ಪ್ರಶ್ನೆ: ಎಲ್ಲಿ ಕೂತು ಕೇಳುತ್ತೀರಿ? ಹಿಂಬದಿ ತೆರೆದ ಹೆಡ್‌ಫೋನುಗಳಲ್ಲಿ ಸದ್ದು ತಲೆಯಾಚೆಗೆ ಹರಡುತ್ತದೆ, ಕಚೇರಿಗೆ ಗಾಳಿ ಬೆಳಕು ಬಂದಂತಾಗುತ್ತದೆ. ಆದರೆ ಒಳಗಿನದು ಹೊರಗೆ, ಹೊರಗಿನದು ಒಳಗೆ. ಹಾಸ್ಟೆಲಿನಲ್ಲಿ ಮೂವರ ಜೊತೆ ಇರುವವರಿಗೆ, ಬಸ್ಸಿನಲ್ಲಿ ಓಡಾಡುವವರಿಗೆ ಅದು ಆಗದ ಮಾತು. ಅಂಥವರಿಗೆ ಮುಚ್ಚಿದ ಬಗೆ, ಇಲ್ಲವೇ ಕಿವಿಯೊಳಗೆ ಕೂರುವ ಇಯರ್‌ಫೋನು. ತೀರಾ ಕಡಿಮೆ ದುಡ್ಡಿದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಈಚಿನ ವರ್ಷಗಳಲ್ಲಿ ಮೂನ್‌ಡ್ರಾಪ್‌ನಂಥ ಚೀನಾದ ಕಂಪನಿಗಳು ಒಂದೆರಡು ಸಾವಿರ ರೂಪಾಯಿಯಲ್ಲಿ ಕೊಡುತ್ತಿರುವ ಸಮತೋಲ ಹಿಂದೆ ಅಷ್ಟು ಕಡಿಮೆಗೆ ಸಿಗುತ್ತಿರಲಿಲ್ಲ. ಕಿವಿಗೆ ಸರಿಹೊಂದುವ ರಬ್ಬರ್ ತುದಿ ಆರಿಸಿಕೊಳ್ಳಬೇಕು. ಅದು ಸಡಿಲವಾದರೆ ತಳದ ಸದ್ದೆಲ್ಲ ಸೋರಿಹೋಗುತ್ತದೆ, ಬೈಗುಳ ಮಾತ್ರ ಕಂಪನಿಗೆ.

ಹತ್ತು ಸಾವಿರದ ಆಸುಪಾಸಿನಲ್ಲಿ ಮೂರು ಹೆಸರು ಹೇಳಬಹುದು: ಮುಚ್ಚಿದ ಬಗೆಯಲ್ಲಿ ಆಡಿಯೋ-ಟೆಕ್ನಿಕಾದ ಎಂ40ಎಕ್ಸ್, ತೆರೆದದ್ದರಲ್ಲಿ ಫಿಲಿಪ್ಸ್ ಎಸ್‌ಎಚ್‌ಪಿ9500, ಅರ್ಧ ತೆರೆದದ್ದರಲ್ಲಿ ಎಕೆಜಿ ಕೆ240. ಎಂ40ಎಕ್ಸ್ ನನ್ನ ಐದು ಪರೀಕ್ಷೆಗಳಲ್ಲಿ ಯಾವುದರಲ್ಲೂ ಸೋಲುವುದಿಲ್ಲ, ದಿಂಬು ಮಾತ್ರ ಸ್ವಲ್ಪ ಬಿಗಿ. ಫಿಲಿಪ್ಸ್ ಕಚೇರಿಗೆ, ಗಮಕಕ್ಕೆ ಬಲು ಚೆನ್ನ, ರ‍್ಯಾಪಿನ ಆಳದಲ್ಲಿ ಬಡವ. ಕೆ240 ಕಂಠಕ್ಕೆ ಹಿತ, ಅದಕ್ಕೂ ಅತಿ ಆಳದ ತಳ ಕಡಿಮೆ. ಓಮ್ ಎಂಬ ಅಂಕಿಯನ್ನೂ ನೋಡಿ. ಈ ಮೂರೂ 32ರಿಂದ 55 ಓಮ್‌ನೊಳಗಿವೆ, ಮೊಬೈಲಿಗೋ ಲ್ಯಾಪ್‌ಟಾಪಿಗೋ ಸಾಮಾನ್ಯವಾಗಿ ಸಾಕು. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ಕಂಠಕ್ಕೆ ಇಂದಿಗೂ ಆದರ್ಶವೆಂದು ಹೆಸರಾಗಿದೆ, ಆದರೆ ಅದು 300 ಓಮ್‌ನದು. ಅದನ್ನು ಕೊಂಡರೆ ಆಂಪ್ಲಿಫೈಯರಿನ ಖರ್ಚೂ ಬೆನ್ನು ಹತ್ತಬಹುದು. ಮೊದಲ ಸಂಬಳ ಬರುವವರೆಗೆ ಅದು ಕಾಯಬಹುದು.

ದುಡ್ಡು ಉಳಿಸಲು ಎರಡು ಮಾತು. ವೈರ್‌ಲೆಸ್ ಹೆಡ್‌ಫೋನಿನಲ್ಲಿ ನಿಮ್ಮ ದುಡ್ಡಿನ ಒಂದು ಪಾಲು ಬ್ಯಾಟರಿಗೆ, ಚಿಪ್ಪಿಗೆ ಹೋಗುತ್ತದೆ, ಆ ಬ್ಯಾಟರಿಗೆ ಆಯುಸ್ಸು ಕೆಲವೇ ವರ್ಷ. ವೈರಿನದರಲ್ಲಿ ದಿಂಬು ಹರಿದರೆ ದಿಂಬು ಬದಲಿಸಬಹುದು, ಹಲವದರಲ್ಲಿ ವೈರನ್ನೂ ಬದಲಿಸಬಹುದು. 1991ರ ಸೋನಿ ಎಂಡಿಆರ್-7506 ಇಂದಿಗೂ ಸ್ಟುಡಿಯೋಗಳಲ್ಲಿ ದುಡಿಯುತ್ತಿರುವುದು ಹೀಗೆ. ಎರಡನೆಯದು, ಈಕ್ವಲೈಸರ್. ಕಂಪ್ಯೂಟರಿನಲ್ಲಿ ಈಕ್ವಲೈಸರ್ ಎಪಿಒದಂಥ ಉಚಿತ ತಂತ್ರಾಂಶದಿಂದ ಉಬ್ಬಿದ ತಳವನ್ನು ತಗ್ಗಿಸಬಹುದು, ‘ಸ’ದ ಮುಳ್ಳನ್ನು ಮುರಿಯಬಹುದು. ಈಗಿರುವ ಹೆಡ್‌ಫೋನನ್ನು ಎಸೆಯುವ ಮೊದಲು ಇದನ್ನೊಮ್ಮೆ ಮಾಡಿ. ನನ್ನ ‘ಎಕ್ಸ್‌ಟ್ರಾ ಬೇಸ್’ನಲ್ಲೂ ಹೀಗೆ ಮಾಡಿದ ಮೇಲೆ ತಂಬೂರಿ ಅರ್ಧ ಮರಳಿ ಬಂತು.

ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ತುಸು ಜೋರಾಗಿದ್ದದ್ದು ಯಾವಾಗಲೂ ಚೆನ್ನಾಗಿ ಕೇಳುತ್ತದೆ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿ ತಳವನ್ನು ಅಷ್ಟಾಗಿ ಹಿಡಿಯುವುದಿಲ್ಲ ಎಂಬುದು ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲೇ ಅಳೆದು ತೋರಿಸಿದ ಸಂಗತಿ. ಜೋರಿನ ಆಸೆಗೂ ಮಿತಿಯಿರಲಿ: ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೇರೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಹೆಡ್‌ಫೋನು ಹೋದರೆ ಇನ್ನೊಂದು ಕೊಳ್ಳಬಹುದು.

ಹೆಡ್‌ಫೋನು ವಿಮರ್ಶೆಗಳ ಭಾಷೆಯ ಬಗ್ಗೆಯೂ ಒಂದು ಮಾತು. ‘ಬೆಚ್ಚಗಿದೆ’, ‘ಹೊಳಪಿದೆ’, ‘ಪರದೆ ಸರಿದಂತಾಯಿತು’ ಎಂಬ ಮಾತುಗಳು ಅಲ್ಲಿ ತುಂಬಿ ತುಳುಕುತ್ತವೆ. ನಮ್ಮ ಪುಸ್ತಕ ವಿಮರ್ಶೆಯ ‘ಆಪ್ತವಾಗಿದೆ’, ‘ಮನ ಮುಟ್ಟುತ್ತದೆ’ಗಳ ದಾಯಾದಿಗಳು ಇವು. ಹೇಳುವವರು ಯಾವ ಹಾಡಿನ ಯಾವ ಜಾಗ ಕೇಳಿ ಹಾಗೆಂದರು ಎಂದು ಹೇಳದಿದ್ದರೆ ಆ ಮಾತಿಗೆ ತೂಕವಿಲ್ಲ. ಬರಿಯ ಅಳತೆಯ ಗೆರೆ ತೋರಿಸಿ ಮುಗಿಸುವವರದೂ ಅರ್ಧ ಕೆಲಸವೇ. ಪ್ರಾಸ, ಮಾತ್ರೆ ಎಣಿಸಿ ಕಾವ್ಯದ ಬೆಲೆ ಕಟ್ಟಿದ ಹಾಗೆ. ಗೆರೆಯನ್ನೂ ನೋಡಿ, ಹಾಡನ್ನೂ ಕೇಳಿ, ಇದು ಇಲ್ಲಿ ಹೀಗೆ ಕೇಳುತ್ತಿದೆ ಎಂದು ಬೊಟ್ಟು ಮಾಡಿ ತೋರಿಸುವವರನ್ನು ನಂಬಿ.

ಆ ಗೋಡೆಪತ್ರಿಕೆ ಈಗಿಲ್ಲ. ತಿದ್ದುಪಡಿ ಹಾಕಲು ಜಾಗವಿಲ್ಲ, ಓದಿದ್ದವರು ಯಾರಿಗೂ ನೆನಪಿರಲಾರದು. ಆದರೂ ಇಲ್ಲಿ ಹೇಳಿಬಿಡುತ್ತೇನೆ: ಆ ಧ್ವನಿಮುದ್ರಣದಲ್ಲಿ ತಂಬೂರಿ ಇದೆ, ಮೊದಲಿನಿಂದಲೂ ಇತ್ತು. ಮುದ್ರಿಸಿದವರು ಯಾರೋ ತಿಳಿಯದು, ಮೈಕನ್ನು ಇಡಬೇಕಾದಲ್ಲೇ ಇಟ್ಟಿದ್ದರು. ಈಗಲೂ ಹೊಸ ಧ್ವನಿಮುದ್ರಣವೊಂದರ ಬಗ್ಗೆ ಬರೆಯಲು ಕೂತಾಗ ಮೊದಲು ಹೆಡ್‌ಫೋನು ಬದಲಿಸಿ ಇನ್ನೊಮ್ಮೆ ಕೇಳುತ್ತೇನೆ. ಆಮೇಲೆ ಪೆನ್ನು ತೆಗೆಯುತ್ತೇನೆ.