ಬಿಡುವುದೂ ಒಂದು ಪಟ್ಟು

ಹೊರ್ತಿಯಲ್ಲಿ ಸೋಲಾಪುರ ರಸ್ತೆಯ ಬದಿಗೆ ನಮ್ಮ ಅಣ್ಣನ ಮಗ ಒಂದು ಪತ್ರಾಸಿನ ಶೆಡ್ಡು ಬಾಡಿಗೆಗೆ ಹಿಡಿದಿದ್ದಾನೆ. ಮೊದಲು ಅದರಲ್ಲಿ ಲಿಂಬೆಹಣ್ಣಿನ ಚೀಲ ಒಟ್ಟುತ್ತಿದ್ದರು. ಈಗ ನೆಲದ ತುಂಬ ಗಾದಿ ಹಾಸಿದೆ. ಮೂಲೆಯಲ್ಲಿ ಗುದ್ದುವ ಚೀಲ ತೂಗುತ್ತದೆ. ಪುಣೆಯಲ್ಲಿ ನಾಲ್ಕು ವರ್ಷ ನೌಕರಿ ಮಾಡುತ್ತ ಅವನು ಕಲಿತು ಬಂದದ್ದು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬ ಕಾಳಗ. ಗುದ್ದು, ಒದೆ, ಕುಸ್ತಿ, ನೆಲಕ್ಕೆ ಬಿದ್ದ ಮೇಲಿನ ಹಿಡಿತ ಎಲ್ಲ ಕೂಡಿದ ಆಟ ಅದು. ಸಂಜೆಗೆ ಹತ್ತು ಹನ್ನೆರಡು ಹುಡುಗರು ಬರುತ್ತಾರೆ. ಯಾರೂ ಇದರಲ್ಲಿ ಹೊಟ್ಟೆ ಹೊರೆಯುವವರಲ್ಲ. ಸಾಲಿ ಬಿಟ್ಟ ಮೇಲೆ, ಹೊಲದ ಕೆಲಸ ಮುಗಿದ ಮೇಲೆ ಬರುವವರು.

ಕಳೆದ ಚಳಿಗಾಲದ ಒಂದು ಸಂಜೆ ನಾನು ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹದಿನಾರರ ಒಬ್ಬ ಹುಡುಗನ ಕುತ್ತಿಗೆಗೆ ಅವನ ಜೋಡಿ ಹಿಂದಿನಿಂದ ತೋಳು ಸುತ್ತಿ ಬಿಗಿದ. ಹೀಗೆ ಸಿಕ್ಕಿಬಿದ್ದವನು ಎದುರಾಳಿಯ ಮೈಯನ್ನಾಗಲಿ ಗಾದಿಯನ್ನಾಗಲಿ ತಟ್ಟಬೇಕು. ತಟ್ಟಿದ ಕೂಡಲೇ ಹಿಡಿದವನು ಬಿಡಬೇಕು. ಹುಡುಗ ತಟ್ಟಲಿಲ್ಲ. ಅಣ್ಣನ ಮಗ ಇನ್ನೊಂದು ಜೋಡಿಯ ಕಡೆ ಮುಖ ಮಾಡಿ ನಿಂತಿದ್ದ. ಅವನು ಇತ್ತ ತಿರುಗುವಷ್ಟರಲ್ಲಿ ಹುಡುಗನ ಕೈ ಜೋತುಬಿದ್ದಿತ್ತು. ಓಡಿಬಂದು ಬಿಡಿಸಿದ. ತುಸು ಹೊತ್ತಿಗೆ ಹುಡುಗ ಕಣ್ಣು ತೆರೆದ. ನೀರು ಕುಡಿದ ಮೇಲೆ ನಾನೇ ಕೇಳಿದೆ: ‘ಯಾಕೋ ತಮ್ಮಾ, ತಟ್ಟಬಾರದಾಗಿತ್ತೇನು?’ ಅವನು ನಾಚಿಕೊಂಡು ಹೇಳಿದ: ‘ಸುಲ್ತಾನ್ ತಟ್ಟಿದ್ನೇನ್ರೀ ಕಾಕಾ?’

ನಾನು ಉತ್ತರ ಕೊಡಲಿಲ್ಲ. ಆದರೆ ಆ ಮಾತು ಬಹಳ ದಿನ ತಲೆಯಲ್ಲಿ ಉಳಿಯಿತು. ಹುಡುಗನಿಗೆ ಪಾಠ ಹೇಳಿದವರು ಇಬ್ಬರು: ಶೆಡ್ಡಿನಲ್ಲಿ ನನ್ನ ಅಣ್ಣನ ಮಗ, ಮನೆಯಲ್ಲಿ ಸಿನಿಮಾ. ಇಬ್ಬರಲ್ಲಿ ಸಿನಿಮಾದ ಮಾತೇ ಗಟ್ಟಿಯಾಗಿ ನಿಂತಿತ್ತು. ಹಾಗಾದರೆ ಈ ಎರಡನೆಯ ಗುರು ಏನು ಕಲಿಸುತ್ತಾನೆಂದು ನೋಡಬೇಕೆನಿಸಿ, ನಮ್ಮ ಕಡೆಯ ಹುಡುಗರು ಬಾಯಿಪಾಠ ಮಾಡಿಕೊಂಡಿರುವ ಮೂರು ಸಿನಿಮಾಗಳನ್ನು ಮತ್ತೆ ಕೂತು ನೋಡಿದೆ.

ಮೊದಲನೆಯದು 2016ರಲ್ಲಿ ಬಂದ ಅಲಿ ಅಬ್ಬಾಸ್ ಜಫರ್ ಅವರ ‘ಸುಲ್ತಾನ್’. ಹರಿಯಾಣದ ಪೈಲ್ವಾನನ ಪಾತ್ರ ಸಲ್ಮಾನ್ ಖಾನ್‌ದು. ಕುಸ್ತಿ ಬಿಟ್ಟು ಎಷ್ಟೋ ವರ್ಷವಾಗಿ ಬೊಜ್ಜು ಬಂದವನು, ಮಗುವಿನ ನೆನಪಿಗೆ ರಕ್ತನಿಧಿ ಕಟ್ಟಲು ಹಣ ಬೇಕೆಂದು ಈ ಹೊಸ ಕಾಳಗದ ಪಂದ್ಯಾವಳಿಗೆ ಇಳಿಯುತ್ತಾನೆ. ಚಿತ್ರದಲ್ಲಿ ಒಳ್ಳೆಯ ಗಳಿಗೆಗಳಿವೆ. ತನ್ನ ದಪ್ಪ ಮೈಯನ್ನು ಕನ್ನಡಿಯಲ್ಲಿ ನೋಡಿಕೊಂಡು ಪೈಲ್ವಾನ ಒಡೆದುಹೋಗುವ ದೃಶ್ಯ ಸುಳ್ಳಲ್ಲ. ತಾಲೀಮು ಬಿಟ್ಟ ಪ್ರತಿಯೊಬ್ಬನಿಗೂ ಅದು ಗೊತ್ತು. ತೊಂದರೆ ಇರುವುದು ಗುರುವಿನ ಪಾತ್ರದಲ್ಲಿ. ರಣದೀಪ್ ಹೂಡಾ ಮಾಡಿದ ಫತೇಸಿಂಗ್ ಕೆಲವೇ ವಾರಗಳಲ್ಲಿ ಇವನನ್ನು ತಯಾರು ಮಾಡುತ್ತಾನೆ. ಒಂದು ಹಾಡು ಮುಗಿಯುವುದರಲ್ಲಿ ತರಬೇತಿ ಮುಗಿಯುತ್ತದೆ. ಮುಂದೆ ಪೈಲ್ವಾನ ಜಜ್ಜಿಹೋಗಿ ಆಸ್ಪತ್ರೆ ಸೇರುತ್ತಾನೆ, ಮತ್ತೆ ಕಣಕ್ಕಿಳಿದರೆ ಜೀವಕ್ಕೆ ಅಪಾಯವೆಂದು ವೈದ್ಯರು ಹೇಳುತ್ತಾರೆ, ಅವನು ಎದ್ದು ಕೊನೆಯ ಪಂದ್ಯಕ್ಕೆ ಹೋಗುತ್ತಾನೆ, ಗೆಲ್ಲುತ್ತಾನೆ. ಇದೇ ಚಿತ್ರದ ಶಿಖರ. ಇದನ್ನೇ ನಮ್ಮ ಹುಡುಗ ನೆನಪಿಟ್ಟುಕೊಂಡದ್ದು.

ಇದರಲ್ಲಿ ಎರಡು ಸುಳ್ಳುಗಳಿವೆ. ಮೊದಲನೆಯದು ಆಟಕ್ಕೆ ಸಂಬಂಧಿಸಿದ್ದು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಚಿತ್, ಅಲ್ಲಿಗೆ ಮುಗಿಯಿತು. ಢಾಕ್ ಹಾಕಿದರೂ ಅಷ್ಟೆ, ಘಿಸ್ಸಾ ಎಳೆದರೂ ಅಷ್ಟೆ; ಮೇಲಿದ್ದವನು ಗೆದ್ದವನು. ಈ ಹೊಸ ಕಾಳಗದಲ್ಲಿ ಬೆನ್ನ ಮೇಲೆ ಬಿದ್ದವನ ಆಟ ಅಲ್ಲಿಂದ ಶುರುವಾಗುತ್ತದೆ. ಕೆಳಗೆ ಮಲಗಿಯೇ ಅವನು ಮೇಲಿನವನ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ ಮೊಳಕೈಯನ್ನು ಉಲ್ಟಾ ಬಗ್ಗಿಸಬಲ್ಲ, ಕಾಲುಗಳಿಂದ ಕುತ್ತಿಗೆ ಬಿಗಿಯಬಲ್ಲ. ಕುಸ್ತಿಯವನ ಮೈ ಹತ್ತು ವರ್ಷ ಕಲಿತದ್ದನ್ನು ಅರ್ಧ ಮರೆಯಬೇಕಾಗುತ್ತದೆ. ಮರೆಯುವುದು ಕಲಿಯುವುದಕ್ಕಿಂತ ನಿಧಾನ.

ಇದಕ್ಕೆ ಸಾಕ್ಷಿ ನಮ್ಮ ದೇಶದಲ್ಲೇ ಇದೆ. ಫೋಗಟ್ ಅಕ್ಕತಂಗಿಯರಲ್ಲಿ ಒಬ್ಬಳಾದ ರಿತು ಫೋಗಟ್ 2019ರಲ್ಲಿ ಕುಸ್ತಿ ಬಿಟ್ಟು ಸಿಂಗಾಪುರಕ್ಕೆ ಹೋಗಿ ಈ ಕಾಳಗ ಕಲಿತಳು. ಎದುರಾಳಿಯನ್ನು ಕೆಡವಿ ಮೇಲೆ ಕೂರುವುದು ರಕ್ತದಲ್ಲೇ ಇತ್ತು. ಸಾಲುಸಾಲು ಪಂದ್ಯ ಗೆದ್ದಳು. 2021ರ ಡಿಸೆಂಬರಿನಲ್ಲಿ ದೊಡ್ಡ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಥಾಯ್ಲೆಂಡಿನ ಸ್ಟಾಂಪ್ ಫೇರ್‌ಟೆಕ್ಸ್ ಅವಳ ತೋಳು ಹಿಡಿದು ಬಗ್ಗಿಸಿದಳು. ಎರಡು ವರ್ಷಕ್ಕೂ ಹೆಚ್ಚು ಕಾಲ ಕಲಿತ, ಹುಟ್ಟಿನಿಂದ ಕುಸ್ತಿ ಕಂಡ ಹೆಣ್ಣುಮಗಳೂ ಸೋತಳು. ಇದರಲ್ಲಿ ಅವಮಾನವೇನೂ ಇಲ್ಲ. ಕಲಿಕೆಗೆ ಎಷ್ಟು ಕಾಲ ಬೇಕೆಂಬ ಲೆಕ್ಕ ಮಾತ್ರ ಇದೆ. ‘ಸುಲ್ತಾನ್’ ಆ ಲೆಕ್ಕವನ್ನು ನುಂಗಿಹಾಕುತ್ತದೆ.

ಎರಡನೆಯ ಸುಳ್ಳು ಹೆಚ್ಚು ಕೆಟ್ಟದ್ದು. ಜೀವಕ್ಕೆ ಎರವಾಗುವ ಗಾಯದೊಡನೆ ಶಿಷ್ಯನನ್ನು ಕಣಕ್ಕೆ ಬಿಡುವ ಗುರು ಒಳ್ಳೆಯವನೆಂದು ಚಿತ್ರ ನಂಬಿಸುತ್ತದೆ. ಈ ಕ್ರೀಡೆಯ ಚರಿತ್ರೆ ಇದಕ್ಕೆ ನೇರ ವಿರುದ್ಧ. 1993ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಯು.ಎಫ್.ಸಿ. ಶುರುವಾದಾಗ ತೂಕದ ವರ್ಗಗಳಿರಲಿಲ್ಲ, ನಿಯಮಗಳೂ ಎಣಿಸಲು ಬೆರಳು ಸಾಲದಷ್ಟಿರಲಿಲ್ಲ. ಅಲ್ಲಿನ ಸರಕಾರಗಳು ಅದನ್ನು ನಿಷೇಧಿಸುವ ತನಕ ಹೋದವು. 2000ದ ಸುಮಾರಿಗೆ ನ್ಯೂಜೆರ್ಸಿಯಲ್ಲಿ ಏಕರೂಪದ ನಿಯಮಗಳು ರೂಪುಗೊಂಡ ಮೇಲೆಯೇ ಅದು ಆಟವೆನಿಸಿತು. ಪ್ರಜ್ಞೆ ತಪ್ಪಿದವನು ವೈದ್ಯರ ಒಪ್ಪಿಗೆ ಇಲ್ಲದೆ ವಾರಗಟ್ಟಲೆ ಕಣಕ್ಕೆ ಇಳಿಯುವಂತಿಲ್ಲ. ಹವ್ಯಾಸಿಗಳಿಗಾಗಿ 2012ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ ಇನ್ನೂ ಬಿಗಿ: ಮೂರು ಮೂರು ನಿಮಿಷದ ಮೂರು ಸುತ್ತು, ಮೊಣಕಾಲ ಕೆಳಗೆ ಕಾಪು, ಮೊಳಕೈಯಿಂದ ಹೊಡೆಯುವಂತಿಲ್ಲ. ಅಂದರೆ ಈ ಆಟ ಬೆಳೆದದ್ದು ಎಲ್ಲಿ ನಿಲ್ಲಿಸಬೇಕೆಂದು ಕಲಿಯುತ್ತ. ನಮ್ಮ ಸಿನಿಮಾ ಮಾತ್ರ ನಿಲ್ಲದಿರುವುದನ್ನೇ ಶೌರ್ಯ ಎನ್ನುತ್ತದೆ.

ಎರಡನೆಯದು ನಮ್ಮ ಕನ್ನಡದ ‘ಪೈಲ್ವಾನ್’. 2019ರ ಚಿತ್ರ, ನಿರ್ದೇಶನ ಎಸ್. ಕೃಷ್ಣ, ಪೈಲ್ವಾನನಾಗಿ ಸುದೀಪ್. ಅನಾಥ ಹುಡುಗನನ್ನು ಸಾಕಿ ಕುಸ್ತಿ ಕಲಿಸುವ ಸರ್ಕಾರ್ ಪಾತ್ರದಲ್ಲಿ ಸುನೀಲ್ ಶೆಟ್ಟಿ. ಕನ್ನಡದಲ್ಲಿ ಗರಡಿಮನೆಯನ್ನು ಇಷ್ಟು ಗೌರವದಿಂದ ತೋರಿಸಿದ ಚಿತ್ರಗಳು ಕಡಿಮೆ ಎಂಬುದನ್ನು ಮೊದಲು ಒಪ್ಪಬೇಕು. ಸುದೀಪ್ ಮೈ ಕಟ್ಟಿದ ಬಗೆಯಲ್ಲಿ ಶ್ರದ್ಧೆಯಿದೆ. ಆದರೆ ಇಲ್ಲಿನ ಗುರು ಶಿಷ್ಯನ ಒಡೆಯ. ಶಿಷ್ಯ ಹುಡುಗಿಯನ್ನು ಪ್ರೀತಿಸಿ ಮದುವೆಯಾದದ್ದೇ ದ್ರೋಹವಾಗಿ, ಕಲಿಸಿದ ವಿದ್ಯೆಯನ್ನೇ ಮುಟ್ಟದಂತೆ ಮಾತು ತೆಗೆದುಕೊಳ್ಳುತ್ತಾನೆ. ಚಿತ್ರ ಇದನ್ನು ದೊಡ್ಡ ತ್ಯಾಗವೆಂದು ಸಂಗೀತ ಬಾರಿಸುತ್ತದೆ. ನನಗೆ ಭಯವಾಗುತ್ತದೆ. ಏಕೆಂದರೆ ಇದು ಸುಳ್ಳಲ್ಲ. ನಮ್ಮ ವಸ್ತಾದರಲ್ಲಿ ಇಂಥವರಿದ್ದರು. ಹುಡುಗನ ಊಟ, ನಿದ್ದೆ, ಮದುವೆ ಎಲ್ಲ ತಮ್ಮದೇ ಎಂದುಕೊಂಡವರು. ‘ಪೈಲ್ವಾನ್’ ಆ ಗಾಯದ ಬಾಗಿಲ ತನಕ ಬಂದು, ಒಳಗೆ ಹೋಗದೆ, ಪಾದಕ್ಕೆ ನಮಸ್ಕಾರ ಮಾಡಿ ತಿರುಗಿಬಿಡುತ್ತದೆ. ಆಮೇಲೆ ಕುಸ್ತಿಯವನು ಬಾಕ್ಸಿಂಗ್ ಕಲಿತು ಗೆಲ್ಲುವುದು ಇಲ್ಲೂ ಹಾಡಿನ ವೇಗದಲ್ಲೇ.

ಮೂರನೆಯದು ನಿತೇಶ್ ತಿವಾರಿ ಅವರ ‘ದಂಗಲ್’, 2016ರದೇ. ಮೂರರಲ್ಲಿ ಇದೇ ಮೇಲು. ಮಣ್ಣಿನ ಕುಸ್ತಿಗೂ ಗಾದಿ ಕುಸ್ತಿಗೂ ಇರುವ ವ್ಯತ್ಯಾಸ, ಬಿದ್ದು ಎದ್ದು ಕಲಿಯುವ ಬೇಸರ, ಅಪ್ಪನ ಪದ್ಧತಿಗೂ ಅಕಾಡೆಮಿಯ ಪದ್ಧತಿಗೂ ನಡುವೆ ಸಿಕ್ಕ ಮಗಳ ತೊಳಲಾಟ ಎಲ್ಲ ಇದರಲ್ಲಿದೆ. ವಯಸ್ಸಾದ ಅಪ್ಪನನ್ನು ಮಗಳು ಮಣ್ಣಿನಲ್ಲಿ ಸೋಲಿಸುವ ದೃಶ್ಯವನ್ನು ನಾನು ಮೂರು ಸಲ ನೋಡಿದೆ. ಗೆದ್ದವಳ ಮುಖದಲ್ಲಿ ಸುಖವಿಲ್ಲ, ಸೋತವನ ಮುಖದಲ್ಲಿ ಬರೀ ಸಿಟ್ಟಿಲ್ಲ. ಇಷ್ಟು ಕಂಡವರು ಕೊನೆಗೆ ಜಾರಿದರು. ಅಪ್ಪ ದೊಡ್ಡವನಾಗಲು ಕೋಚ್ ಸಣ್ಣವನಾಗಬೇಕಾಯಿತು. ಫೈನಲ್ ಹೊತ್ತಿಗೆ ಅಪ್ಪನನ್ನು ಕೋಣೆಯೊಂದರಲ್ಲಿ ಕೂಡಿಹಾಕಿಸುವ ಖಳನಾದ ಅವನು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಗೀತಾ ಫೋಗಟ್ ಆಸ್ಟ್ರೇಲಿಯಾದ ಎಮಿಲಿ ಬೆನ್‌ಸ್ಟೆಡ್ ಎದುರು ಚಿನ್ನ ಗೆದ್ದದ್ದು ನಿಜ. ಅದು ಕೊನೆಯ ಗಳಿಗೆಯ ಪವಾಡವಾಗಿರಲಿಲ್ಲ, ಸರಾಗ ಗೆಲುವಾಗಿತ್ತು. ಯಾರನ್ನೂ ಯಾರೂ ಕೂಡಿಹಾಕಿರಲಿಲ್ಲ. ಕಥೆಗೆ ಖಳ ಬೇಕಿತ್ತು. ಹೆಸರು ಪತ್ರಿಕೆಗೆ ಬಾರದ, ದಿನವೂ ಬೆಳಗಿನ ಐದಕ್ಕೆ ಸೀಟಿ ಊದುವ ಮನುಷ್ಯ ಸುಲಭಕ್ಕೆ ಸಿಕ್ಕ.

ಹೀಗೆ ಮೂರು ಚಿತ್ರಗಳಲ್ಲಿ ಗುರು ಒಮ್ಮೆ ಜಾದೂಗಾರ, ಒಮ್ಮೆ ಒಡೆಯ, ಒಮ್ಮೆ ಖಳ. ಹುಡುಗನ ಮೇಲೆ ಕಣ್ಣಿಟ್ಟು ನಿಂತವನು ಎಲ್ಲೂ ಇಲ್ಲ. ಆ ಕೆಲಸ ಎಂಥದೆಂದು ನಾನು ತಿಳಿದದ್ದು ಒಂದು ತಪ್ಪಿನಿಂದ. ಅದನ್ನು ಹೇಳದೆ ಇಷ್ಟೆಲ್ಲ ಟೀಕೆ ಮಾಡುವುದು ನ್ಯಾಯವಲ್ಲ.

ನನಗಾಗ ಹದಿನೇಳು. ನಮ್ಮ ಸೀಮೆಯ ಎರೆಮಣ್ಣು ಗರಡಿಗೆ ಆಗದು. ದೂರದಿಂದ ಕೆಮ್ಮಣ್ಣು ತಂದು ಮಜ್ಜಿಗೆ, ಎಣ್ಣೆ, ಅರಿಸಿನ, ಲಿಂಬೆರಸ ಕಲಸಿ ಹದ ಮಾಡುತ್ತಿದ್ದರು. ರೇವಣಸಿದ್ಧೇಶ್ವರನ ಜಾತ್ರೆ ಹತ್ತಿರ ಬಂದಿತ್ತು. ನನ್ನ ಜೋಡಿ ನನಗಿಂತ ಗಟ್ಟಿಗ. ಆ ದಿನ ಹೇಗೋ ಅವನ ತೋಳು ನನ್ನ ಹಿಡಿತಕ್ಕೆ ಸಿಕ್ಕಿತು. ಅವನು ನನ್ನ ತೊಡೆ ತಟ್ಟಿದ. ತಟ್ಟಿದ್ದು ನನಗೆ ಗೊತ್ತಾಯಿತು. ನೋಡುತ್ತಿದ್ದವರು ಕೂಗುತ್ತಿದ್ದರು; ಇನ್ನೊಂದು ಗಳಿಗೆ ಇರಲಿ ಅನ್ನಿಸಿತು. ಒಣ ಜೋಳದ ದಂಟು ಮುರಿದಂಥ ಸಪ್ಪಳ ಬಂತು.

ವಸ್ತಾದರು ನನ್ನನ್ನು ಹೊಡೆಯುತ್ತಾರೆಂದುಕೊಂಡೆ. ಬೇರೆ ದಿನ ಸಣ್ಣ ತಪ್ಪಿಗೂ ಬೆತ್ತ ಎತ್ತುವವರು. ಅಂದು ಹೊಡೆಯಲಿಲ್ಲ. ಎಂಟು ದಿನ ಗರಡಿಗೆ ಬೀಗ ಹಾಕಿದರು. ಒಂಬತ್ತನೆಯ ದಿನ ಎಲ್ಲರನ್ನೂ ಸಾಲಾಗಿ ಕೂಡಿಸಿ ಜೋಡಿ ಮಾಡಿದರು. ‘ಹಿಡಿರಿ’ ಅಂದರು, ಹಿಡಿದೆವು. ‘ಬಿಡ್ರಿ’ ಅಂದರು, ಬಿಟ್ಟೆವು. ಬೆಳಗೆಲ್ಲ ಅದೇ. ಕೊನೆಗೆ, ‘ಇದನ್ನ ನಾ ಮೊದಲ ಕಲಿಸಬೇಕಿತ್ತು’ ಎಂದು ಮೈಮೇಲೆ ಮಣ್ಣು ಎರಚಿಕೊಂಡು ಹೊರಗೆ ಹೋದರು. ನನ್ನ ಜೋಡಿಯ ಬಲಗೈ ಇಂದಿಗೂ ನೆಟ್ಟಗೆ ಚಾಚುವುದಿಲ್ಲ. ಸಂತೆಯಲ್ಲಿ ಸಿಕ್ಕರೆ ಅವನು ಎಡಗೈಯಿಂದ ನನ್ನ ಹೆಗಲು ಮುಟ್ಟಿ ಚಹಾ ಕುಡಿಸುತ್ತಾನೆ. ಆ ಚಹಾ ನನಗೆ ಇವತ್ತಿಗೂ ಸರಿಯಾಗಿ ಇಳಿಯುವುದಿಲ್ಲ.

ಆದ್ದರಿಂದ ಹಳೆಯ ಗರಡಿ ಒಳ್ಳೆಯದು, ಹೊಸ ಶೆಡ್ಡು ಕೆಟ್ಟದ್ದು ಎಂದು ನಾನು ಹೇಳಲಾರೆ. ನಮ್ಮ ಗರಡಿಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ, ಕೆಲವು ಓಣಿಯ ಹುಡುಗರು ಹೊಸ್ತಿಲು ದಾಟುವಂತಿರಲಿಲ್ಲ, ಮೂಳೆ ಮುರಿದರೆ ಡಾಕ್ಟರಿಗಿಂತ ಮೊದಲು ಪಟ್ಟಿ ಕಟ್ಟುವವನ ಮನೆ. ಅಣ್ಣನ ಮಗನ ಶೆಡ್ಡಿಗೆ ಇಬ್ಬರು ಹುಡುಗಿಯರು ಬರುತ್ತಾರೆ; ಯಾರ ಓಣಿ ಯಾವುದೆಂದು ಅವನು ಕೇಳುವುದಿಲ್ಲ. ಇದು ಸಣ್ಣ ಮಾತಲ್ಲ.

ಗುರುವಿನ ಈ ಅಂಜಿಕೆಯನ್ನು ಸರಿಯಾಗಿ ಹಿಡಿದ ಸಿನಿಮಾ ಯಾವುದೆಂದು ಕೇಳಿದರೆ ನನಗೆ ನೆನಪಾಗುವುದು ಕ್ಲಿಂಟ್ ಈಸ್ಟ್‌ವುಡ್ ಅವರ 2004ರ ‘ಮಿಲಿಯನ್ ಡಾಲರ್ ಬೇಬಿ’. ಅದರಲ್ಲಿ ಬಾಕ್ಸಿಂಗ್ ಕಲಿಸುವ ಮುದುಕ ಫ್ರಾಂಕಿ, ಹಿಂದೊಮ್ಮೆ ಗೆಳೆಯನೊಬ್ಬನ ಪಂದ್ಯ ನಿಲ್ಲಿಸಲಾಗದೆ ಅವನ ಕಣ್ಣು ಹೋದದ್ದನ್ನು ನೋಡಿದವನು. ನಿಲ್ಲಿಸುವ ಅಧಿಕಾರ ಆ ದಿನ ಅವನ ಕೈಯಲ್ಲಿರಲಿಲ್ಲ; ಆದರೂ ಭಾರ ಅವನ ಮೇಲೇ ಉಳಿಯಿತು. ಅಂದಿನಿಂದ ಶಿಷ್ಯರನ್ನು ದೊಡ್ಡ ಪಂದ್ಯಕ್ಕೆ ಬಿಡಲು ಹಿಂಜರಿಯುತ್ತಾನೆ. ಮೊದಲು ನಿನ್ನನ್ನು ನೀನು ಕಾಯ್ದುಕೊ ಎಂಬುದೇ ಅವನು ಎಲ್ಲರಿಗೂ ಹೇಳುವ ಪಾಠ. ಹಾಗೆ ಹೇಳಿದವನ ಶಿಷ್ಯೆಗೂ ಕೇಡು ತಪ್ಪುವುದಿಲ್ಲ. ಚಿತ್ರ ಅಲ್ಲಿ ಸುಳ್ಳು ಹೇಳುವುದಿಲ್ಲ. ಅವನನ್ನು ನೋಡಿದಾಗ ನನಗೆ ನಮ್ಮ ವಸ್ತಾದರ ಮುಖ ಕಂಡಿತು. ಭಾಷೆ ಬೇರೆ, ದೇಶ ಬೇರೆ, ಬಾಗಿಲಿಗೆ ಬೀಗ ಹಾಕಿದ ಕೈ ಒಂದೇ.

ಇಷ್ಟನ್ನೂ ಅಣ್ಣನ ಮಗನಿಗೆ ಹೇಳಿದೆ. ಅವನು ಸುಮ್ಮನೆ ಕೇಳಿ, ‘ಆ ದಿನ ನಾ ಆ ಕಡಿ ಮುಖಾ ಮಾಡಿದ್ದೇ ತಪ್ಪು ಕಾಕಾ’ ಎಂದ. ಸಿನಿಮಾದ ಮೇಲೆ ಹಾಕಲಿಲ್ಲ, ಹುಡುಗನ ಮೇಲೂ ಹಾಕಲಿಲ್ಲ. ಈಗ ಅವನಲ್ಲಿ ಒಂದು ಹೊತ್ತಿಗೆ ಒಂದೇ ಜೋಡಿಗೆ ಕುತ್ತಿಗೆಯ ಹಿಡಿತದ ಅಭ್ಯಾಸ. ಉಳಿದವರು ಸುತ್ತ ಕೂತು ನೋಡಬೇಕು. ಅಭ್ಯಾಸಕ್ಕೆ ಮುಂಚೆ ಎಲ್ಲರೂ ಗಾದಿ ತಟ್ಟಿ ತೋರಿಸಬೇಕು.

ಹೋದ ವಾರ ಮತ್ತೆ ಹೋಗಿದ್ದೆ. ಅದೇ ಹುಡುಗ ಕುತ್ತಿಗೆ ಕೊಟ್ಟು ಕೂತಿದ್ದ. ತೋಳು ಬಿಗಿಯಿತು. ಅವನು ನನ್ನ ಕಡೆ ಒಮ್ಮೆ ನೋಡಿ, ಗಾದಿಯನ್ನು ಎರಡು ಸಲ ತಟ್ಟಿದ. ಹಿಡಿದವನು ಕೂಡಲೇ ಬಿಟ್ಟ. ಇಬ್ಬರೂ ಎದ್ದು ಕೈ ಮುಟ್ಟಿಕೊಂಡು ಮತ್ತೆ ಶುರು ಮಾಡಿದರು.