ನಿರಾಶ್ರಿತರ ನೆನಪಿಗೆ ಜಾತಿ ಇಲ್ಲವೆ?

ದೇಶ ಒಡೆದಾಗ ಮನೆಮಠ ಕಳಕೊಂಡವರ ಬಗ್ಗೆ ಕತೆ, ಕಾದಂಬರಿ, ಸಿನಿಮಾ ಬೇಕಾದಷ್ಟು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಒಂದು ಪ್ರಶ್ನೆಯನ್ನು ಮೆಲ್ಲಗೆ ದಾಟಿಕೊಂಡು ಹೋಗುತ್ತವೆ. ಗಡಿ ದಾಟಿ ಬಂದವರೆಲ್ಲ ಒಂದೇ ಬಾಗಿಲಿಂದ ಒಳಗೆ ಬಂದರೇನು? ಊರಿಗೊಂದು ಕೇರಿ ಇದ್ದಂತೆ ನಿರಾಶ್ರಿತರಿಗೂ ಒಂದು ಕೇರಿ ಇತ್ತು. ಅದನ್ನು ಮುಚ್ಚಿಟ್ಟು ಹೇಳುವ ನೆನಪು ಅರ್ಧ ನೆನಪು ಎಂಬುದು ನಮ್ಮ ವಾದ.

ಪೂರ್ವ ಬಂಗಾಳದ ನಾಮಶೂದ್ರರನ್ನೇ ತಗೊಳ್ಳಿ. ನೇಗಿಲು, ದೋಣಿ, ಬಲೆ ನಂಬಿ ಬದುಕಿದ ಜನ. ಮೇಲಿನವರು ಇವರನ್ನು ಚಂಡಾಲರೆಂದು ಕರೆಯುತ್ತಿದ್ದರು. ಇವರು ಹೋರಾಡಿ 1911ರ ಜನಗಣತಿಯಲ್ಲಿ ಆ ಹೆಸರನ್ನು ಕಿತ್ತು ಹಾಕಿಸಿದರು. 1946ರಲ್ಲಿ ಬಾಬಾಸಾಹೇಬರು ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಹೋಗಲು ದುಡಿದ ಜೋಗೇಂದ್ರನಾಥ ಮಂಡಲ್ ಇದೇ ಜನರ ನಾಯಕ. ಮೊದಮೊದಲು ಗಡಿ ದಾಟಿದ ಮೇಲ್ಜಾತಿಯ ಓದಿದವರು ಕಲ್ಕತ್ತೆಯ ಸುತ್ತ ಖಾಲಿ ಜಾಗ ಹಿಡಿದು ಕಾಲೊನಿ ಕಟ್ಟಿಕೊಂಡರು. ಹಿಂದಿನಿಂದ ಬಂದ ನಾಮಶೂದ್ರರಿಗೆ ಸಿಕ್ಕಿದ್ದು ಶಿಬಿರ. ಆಮೇಲೆ ಅವರಲ್ಲಿ ಬಹಳ ಮಂದಿಯನ್ನು 1958ರಲ್ಲಿ ಶುರುವಾದ ದಂಡಕಾರಣ್ಯ ಯೋಜನೆಗೆ ಸಾಗಿಸಿದರು. ರಾಮ ವನವಾಸ ಮಾಡಿದ ಕಾಡು ಅಂತಾರಲ್ಲ, ಅದೇ ಹೆಸರು. ರಾಮನಿಗೆ ಹದಿನಾಲ್ಕು ವರ್ಷದ ಮೇಲೆ ಅಯೋಧ್ಯೆ ಕಾದಿತ್ತು. ಇವರಿಗೆ ಕಾದ ಊರು ಯಾವುದು?

1978ರಲ್ಲಿ ಸಾವಿರಾರು ಕುಟುಂಬಗಳು ದಂಡಕಾರಣ್ಯ ಬಿಟ್ಟು ಬಂಗಾಳಕ್ಕೆ ಹೊರಟವು. ಅವರಲ್ಲಿ ಬಹಳ ಮಂದಿ ಸುಂದರಬನದ ಮರಿಚ್‌ಝಾಪಿ ದ್ವೀಪದಲ್ಲಿ ನೆಲೆ ನಿಂತರು. ತಮ್ಮ ಕೈಯಾರೆ ಶಾಲೆ ಕಟ್ಟಿದರು, ಮೀನು ಸಾಕಿದರು, ದೋಣಿ ಮಾಡಿದರು. ಇದು ಮೀಸಲು ಅರಣ್ಯ ಎಂದಿತು ಎಡರಂಗ ಸರ್ಕಾರ. 1979ರ ಜನವರಿಯಲ್ಲಿ ಪೊಲೀಸ್ ಲಾಂಚುಗಳು ದ್ವೀಪವನ್ನು ಸುತ್ತುವರಿದು ಅನ್ನ ನೀರು ತಡೆದವು. 31ರಂದು ಗುಂಡು ಹಾರಿತು. ಮೇ ತಿಂಗಳಲ್ಲಿ ಗುಡಿಸಲು ಸುಟ್ಟು ಜನರನ್ನು ಎತ್ತಂಗಡಿ ಮಾಡಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಬೆರಳೆಣಿಕೆ. ಬದುಕಿ ಉಳಿದವರ ಲೆಕ್ಕದಲ್ಲಿ ನೂರಾರು. ಕಾಗದ ಬಾಯಿ ಮುಚ್ಚಿಕೊಂಡಾಗ ಬಾಯಿಮಾತೇ ದಾಖಲೆಯಾಗಬೇಕಾಗುತ್ತದೆ.

ಈ ಬಾಯಿಮಾತನ್ನು ಯಾರು, ಹೇಗೆ ಹಿಡಿದರು? ಅಮಿತಾವ್ ಘೋಷ್ 2004ರಲ್ಲಿ ಬರೆದ 'ದಿ ಹಂಗ್ರಿ ಟೈಡ್' ಕಾದಂಬರಿ ಮರಿಚ್‌ಝಾಪಿಯ ಹೆಸರನ್ನು ಜಗತ್ತಿನ ಓದುಗರಿಗೆ ಮುಟ್ಟಿಸಿತು. ಆ ಋಣ ದೊಡ್ಡದು. ಆದರೆ ಅಲ್ಲಿ ಸಾಯುವವಳು ಬಡವಿ ಕುಸುಮ. ಬರೆದಿಡುವವನು ಭದ್ರಲೋಕದ ಮೇಷ್ಟ್ರು ನಿರ್ಮಲ್. ಅವಳ ಸಂಕಟ ಅವನ ನೋಟುಪುಸ್ತಕದ ಮೂಲಕ ಅವನ ಹೆಂಡತಿಯ ತಂಗಿಯ ಮಗ, ದಿಲ್ಲಿಯ ಅನುವಾದಕನ ಕೈ ಸೇರುತ್ತದೆ. ಕುಸುಮಳ ಮಗ ಫೋಕಿರ್‌ಗೆ ಓದು ಬಾರದು. ತಾಯಿ ಸತ್ತ ಕತೆ ಇರುವ ಪುಸ್ತಕ ಮಗನಿಗೇ ಮುಚ್ಚಿದ ಪುಸ್ತಕ! ಕಾದಂಬರಿಕಾರರು ಇದನ್ನು ಕಂಡೇ ಬರೆದಿರಬಹುದು. ಆದರೂ ಕೊನೆಗೆ ಮಾತಾಡುವ ಹಕ್ಕು ಅಕ್ಷರಸ್ಥನ ಕೈಯಲ್ಲೇ ಉಳಿಯಿತು.

ಇದರ ಪಕ್ಕಕ್ಕೆ ಮನೋರಂಜನ್ ಬ್ಯಾಪಾರಿಯವರ ಆತ್ಮಕಥೆ ಇಟ್ಟು ನೋಡಿ. ನಿರಾಶ್ರಿತರ ಶಿಬಿರದಲ್ಲಿ ಬೆಳೆದು, ಜೈಲಿನಲ್ಲಿ ಅಕ್ಷರ ಕಲಿತು, ಕಲ್ಕತ್ತೆಯಲ್ಲಿ ರಿಕ್ಷಾ ಎಳೆದ ನಾಮಶೂದ್ರ ಲೇಖಕ. ಪುಸ್ತಕದ ಹೆಸರಿನಲ್ಲೇ 'ಚಂಡಾಲ' ಎಂಬ ಪದ ಇಟ್ಟುಕೊಂಡಿದ್ದಾರೆ. ಇಲ್ಲಿ ಹಸಿವಿಗೆ ಜಾತಿಯ ಹೆಸರಿದೆ, ನಡುವೆ ಮೇಷ್ಟ್ರಿಲ್ಲ. 2019ರಲ್ಲಿ ಪತ್ರಕರ್ತ ದೀಪ್ ಹಲ್ದಾರ್ ಬದುಕುಳಿದವರ ಮಾತು ಕೇಳಿ 'ಬ್ಲಡ್ ಐಲ್ಯಾಂಡ್' ಬರೆದರು. ಒಳ್ಳೆಯ ಕೆಲಸ. ಆದರೆ ಬಂಗಾಲಿಯಲ್ಲಿ ಅತ್ತದ್ದು ಇಂಗ್ಲಿಷಿನಲ್ಲಿ ಅಚ್ಚಾದರೆ, ಅತ್ತವರು ಅದನ್ನು ಓದಿ 'ಹೌದು, ಇದು ನನ್ನ ಮಾತು' ಅನ್ನೋದು ಯಾವಾಗ?

ಇನ್ನೊಂದು ಮುಖವೂ ಇದೆ. ಅಲ್ಲಿ ಮೊದಲಿಂದ ಇದ್ದವರು ಯಾರು? ಅವರೂ ಬಡವರೇ. ಬದುಕುಳಿದವರ ಮಾತಿನ ಪ್ರಕಾರ ಪಕ್ಕದ ಕುಮೀರ್‌ಮಾರಿಯ ಆದಿವಾಸಿ ಹೆಂಗಸೂ ಗುಂಡಿಗೆ ಬಿದ್ದಳು. ಮಾನವಶಾಸ್ತ್ರಜ್ಞೆ ಅನ್ನು ಜಲೈಸ್ 2005ರ ತಮ್ಮ ಲೇಖನದಲ್ಲಿ ಈ ಸ್ಥಳೀಯರ ಮಾತಿಗೆ ಕಿವಿಗೊಟ್ಟರು. ಮರಿಚ್‌ಝಾಪಿಯ ಹಿಂಸೆಯ ಮೇಲೇ ಹುಲಿಗಳು ನರಭಕ್ಷಕವಾದವು ಎನ್ನುತ್ತಾರೆ ದ್ವೀಪದವರು. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವವರು ವಿಮರ್ಶೆ ಕಲಿಯಬೇಕು. ನಮಗಿಂತ ಹುಲಿ ಹೆಚ್ಚಾಯಿತು ಎಂಬ ರಾಜಕೀಯ ತೀರ್ಪು ಅದರಲ್ಲಿದೆ. ಸುಂದರಬನದ ಹಿಂದೂ ಮುಸ್ಲಿಮರಿಬ್ಬರೂ ನಂಬುವ ಬೊನ್‌ಬೀಬಿಯ ಆಟವನ್ನು ಅಲ್ಲಿನ ಜನ ಇಂದಿಗೂ ಆಡುತ್ತಾರೆ. ದುರಾಸೆಯ ಧಣಿ ಬಡ ಹುಡುಗ ದುಖೆಯನ್ನು ಹುಲಿಗೆ ಬಿಟ್ಟುಕೊಡುವ ಕತೆ ಅದು. 1979 ಕಂಡವರಿಗೆ ಧಣಿ ಯಾರು, ದುಖೆ ಯಾರು ಅಂತ ಬಿಡಿಸಿ ಹೇಳಬೇಕೆ?

ಗೆಳೆಯರೇ, ಇದು ದೂರದ ಬಂಗಾಳದ ಮಾತು ಅಂದುಕೊಳ್ಳಬೇಡಿ. ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲೇ ಪೂರ್ವ ಬಂಗಾಳದಿಂದ ಬಂದವರ ಪುನರ್ವಸತಿ ಕ್ಯಾಂಪುಗಳಿವೆ. ಅಲ್ಲಿ ನಾಮಶೂದ್ರರು ಬಹಳ. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಆದರೆ ಆ ಪಟ್ಟಿ ರಾಜ್ಯಕ್ಕೊಂದು. ಅಸ್ಪೃಶ್ಯತೆಯ ಗಾಯ ಗಡಿ ದಾಟಿ ಬಂತು, ಅದರ ಸರ್ಟಿಫಿಕೇಟು ದಾಟಿ ಬರಲಿಲ್ಲ. ಇಲ್ಲಿ ಮಾನ್ಯತೆಗಾಗಿ ಅವರು ವರ್ಷಗಟ್ಟಲೆ ಅರ್ಜಿ ಹಿಡಿದು ತಿರುಗಿದ್ದಾರೆ. ಆ ಕ್ಯಾಂಪಿನ ಅಜ್ಜಿಯ ನೆನಪು ಬರೀ ಸಾಹಿತ್ಯವಲ್ಲ, ಸಾಕ್ಷಿ.

ಆ ಕಡೆಯ ಶಾಲೆಗಳ ಮೇಷ್ಟ್ರುಗಳು, ವಿದ್ಯಾರ್ಥಿಗಳು ಈ ಕೆಲಸ ಹಿಡಿಯಬೇಕು. ಕ್ಯಾಂಪಿನ ಮುದುಕರನ್ನು ಕೇಳಿ: ಆ ಕಡೆ ಯಾರ ಬಾವಿಯ ನೀರು ನಿಮಗಿರಲಿಲ್ಲ? ಪಕ್ಕದೂರ ಕೇರಿಯ ಮುದುಕರನ್ನೂ ಕೇಳಿ: ಇವರಿಗೆ ಜಮೀನು ಕೊಟ್ಟಾಗ ನಿಮಗೆ ಏನು ಅನ್ನಿಸಿತು, ನಿಮಗೆ ಸಿಕ್ಕಿದ್ದೇನು? ಸಿಟ್ಟು ಇದ್ದರೆ ಸಿಟ್ಟನ್ನೂ ಬರಕೊಳ್ಳಿ. ಬಂಗಾಲಿಯ ಮಾತು ಬಂಗಾಲಿಯಲ್ಲೇ, ಸಿಂಧನೂರಿನ ಮಾತು ಸಿಂಧನೂರಿನ ಕನ್ನಡದಲ್ಲೇ ಇರಲಿ. ಬರಕೊಂಡದ್ದನ್ನು ಅಚ್ಚಿಗೆ ಕೊಡುವ ಮುಂಚೆ ಎರಡೂ ಕಡೆಯವರನ್ನು ಒಂದೇ ಕಟ್ಟೆಯ ಮೇಲೆ ಕೂರಿಸಿ ಗಟ್ಟಿಯಾಗಿ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದಲಿ.